ಹಬ್ಬದ ಬುಟ್ಟಿಯ ಬ್ಯಾಟರಿಗಳು

ಮನೆಯಿಂದ, ಏಪ್ರಿಲ್ 9, 2024

ಡಿಯರ್ ಲುಕ್ಯಾನ್,

ಹೀಗೆ ಶುರು ಮಾಡಿದಾಗಲೆಲ್ಲ ನಿನ್ನ ಅತ್ತೆ ಓಡಾರ್ಕಾ ನಗುತ್ತಿದ್ದಳು. “ಐದು ವರ್ಷ ಕಾಲೇಜಿಗೆ ಮಣ್ಣು ಹೊತ್ತು ಇಂಗ್ಲಿಷು ಅಂತ ತಂದಿದ್ದು ಡಿಯರ್ ಒಂದೇನಾ?” ಎನ್ನುವಳು. ಒಂದೇ ಅಲ್ಲ, ‘ಲಂಡನ್ ಈಸ್ ದಿ ಕ್ಯಾಪಿಟಲ್ ಆಫ್ ಗ್ರೇಟ್ ಬ್ರಿಟನ್’ ಕೂಡ ಬರುತ್ತದೆ. ಈ ಉಕ್ರೇನಿನಲ್ಲಿ ನನ್ನ ಓರಗೆಯವರಿಗೆಲ್ಲ ಅದು ಬರುತ್ತದೆ, ಅದರಿಂದ ಯಾರ ಹೊಟ್ಟೆಯೂ ತುಂಬಿಲ್ಲ. ಅವಳು ಹೋದ ಮೇಲೆ ನಗುವವರಿಲ್ಲ. ಹಾಗಾಗಿ ಧೈರ್ಯವಾಗಿ ಡಿಯರ್ ಎಂದು ಬರೆಯುತ್ತಿದ್ದೇನೆ.

ಫೋನು ಇರುವಾಗ ಕಾಗದವೇಕೆ ಎನ್ನುತ್ತೀಯ. ನಿನ್ನ ಫೋನು ಹತ್ತುವುದು ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ. ಹತ್ತಿದಾಗಲೂ ಒಂದು ಕೂಡಿಸುವ ಚಿಹ್ನೆ ಕಳಿಸಿ ಸುಮ್ಮನಾಗುತ್ತೀಯ. ಬದುಕಿದ್ದೇನೆ ಎಂದು ಅದರ ಅರ್ಥವಂತೆ. ನನಗೆ ಅಷ್ಟು ಸಾಲದು. ಯುಖಿಮ್ ಹೇಗೂ ಯುದ್ಧ ನಡೆಯುವ ನಿಮ್ಮ ಕಡೆಗೆ ಸಾಮಾನಿನ ವ್ಯಾನು ಓಡಿಸುತ್ತಾನೆ, ಕಾಗದವೂ ಅವನ ಜೇಬಿನಲ್ಲಿ ಬರಲಿ.

ನನ್ನ ಕೆಲಸ ನಡೆದಿದೆ. ಹುಡುಗರು ಸೇದಿ ಎಸೆದ ವೇಪುಗಳನ್ನು, ಅದೇ ಬ್ಯಾಟರಿ ಸಿಗರೇಟುಗಳನ್ನು, ಶಾಲೆಯ ಹಿಂದಿನ ತೊಟ್ಟಿಯಿಂದ, ಬಸ್ ನಿಲ್ದಾಣದಿಂದ ಆರಿಸಿ ತರುತ್ತೇನೆ. ಇಕ್ಕಳದಿಂದ ತಳ ಕಿತ್ತು ಎಳೆದರೆ ಒಳಗೆ ಅಂಟಂಟು ಹತ್ತಿ, ಅದರ ಪಕ್ಕದಲ್ಲಿ ಬೆರಳುದ್ದದ ಬ್ಯಾಟರಿ. ಮತ್ತೆ ಮತ್ತೆ ತುಂಬಿಸಬಹುದಾದ, ಹೊಸದಕ್ಕೆ ಸಮನಾದ ಬ್ಯಾಟರಿ! ಒಂದು ಸಲ ಸೇದಿ ಎಸೆಯುತ್ತಾರೆ. ಅಡುಗೆಮನೆಯೆಲ್ಲ ಮಾವು, ಪುದೀನ, ಕಲ್ಲಂಗಡಿಯ ವಾಸನೆ. ಬೋರ್ಷ್ ಸಾರಿಗೂ ಅದೇ ವಾಸನೆ.

ಮೊನ್ನೆ ತೊಟ್ಟಿಯೊಳಗೆ ಕೈಬಿಟ್ಟಿದ್ದಾಗ ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದಳು. ನಾನು ಅಲ್ಲೇ ಮೂವತ್ತು ವರ್ಷ ಕೈಕೆಲಸದ ಪಾಠ ಹೇಳಿದವನು. “ಒಮೆಲ್ಯಾನ್ ಸಾವಿಚ್, ಪಿಂಚಣಿ ಸಾಲ್ತಾ ಇಲ್ವಾ?” ಎಂದಳು. ಸೈನಿಕರಿಗೆ ಎಂದು ಹೇಳಬಹುದಿತ್ತು. ಚೀಲವನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತೆ, ಕದ್ದು ಸೇದಿದ ಹುಡುಗನ ಹಾಗೆ.

ಆ ಸಿಟ್ಟಿಗೇ ಮರುದಿನ ಅಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ ಸಾರಿಬಿಟ್ಟೆ: ಈಸ್ಟರ್ ಹಬ್ಬಕ್ಕೆ ಎಂಟು ಡಬ್ಬಿ ನನ್ನ ಸೋದರಳಿಯನ ದಳಕ್ಕೆ ಹೋಗುತ್ತವೆ ಎಂದು. ಚರಂಡಿ ಕೊಳವೆಯ ತುಂಡಿನೊಳಗೆ ಬ್ಯಾಟರಿಗಳನ್ನು ಜೋಡಿಸಿ, ಎರಡೂ ಕಡೆ ಮುಚ್ಚಳ ಹಾಕಿದರೆ ಅದೇ ಡಬ್ಬಿ, ಫೋನು ರೇಡಿಯೊಗಳಿಗೆ ಚಾರ್ಜು ಕೊಡಲು. ಆದರೆ ಜೋಡಿಸುವ ಮೊದಲು ಪ್ರತಿಯೊಂದನ್ನೂ ತುಂಬಿಸಿ, ಮೊಟ್ಟೆಯ ಟ್ರೇಯಲ್ಲಿ ನಿಲ್ಲಿಸಿ, ಎರಡು ವಾರ ಮುಟ್ಟದೆ ಇಡಬೇಕು. ಆಮೇಲೆ ಅಳೆದಾಗ ಯಾವುದು ತಾನೇ ತಾನಾಗಿ ಸೋರಿಕೊಂಡಿದೆಯೋ ಅದು ಕೆಟ್ಟದ್ದು. ಅಂಥ ಒಂದು ಒಳಗೆ ಸೇರಿದರೆ ಉಳಿದವೆಲ್ಲ ಅದಕ್ಕೆ ಉಣಿಸಲು ಹೋಗಿ ಡಬ್ಬಿಯೇ ಕಾಯುತ್ತದೆ, ಬೆಂಕಿಯೂ ಆಗಬಹುದು. ಈ ಎರಡು ವಾರದ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು.

ನಿನ್ನ ಮಾವ,
ಒಮೆಲ್ಯಾನ್


ಪೂರ್ವದಿಂದ, ಏಪ್ರಿಲ್ 19

ಒಮೆಲ್ಯಾನ್ ಮಾವ,

ನಿಮ್ಮ ಡಿಯರ್ ತಲುಪಿತು. ಹುಡುಗರಿಗೆ ಓದಿ ಹೇಳಿದೆ. ಲಂಡನ್ನಿನ ವಾಕ್ಯ ಬಂದಾಗ ನೆಲಮನೆಯೊಳಗಿದ್ದವರೆಲ್ಲ ಒಟ್ಟಿಗೆ ಒಪ್ಪಿಸಿದರು. ಮುಂದಿನದು ಒಬ್ಬನಿಗೂ ಬರಲಿಲ್ಲ.

ಇಲ್ಲೂ ನನಗೆ ಕ್ಷೌರದ ಕೆಲಸ ತಪ್ಪಿಲ್ಲ. ಊರಿನ ಅಂಗಡಿಯಲ್ಲಿ ಕನ್ನಡಿ ಇತ್ತು, ಇಲ್ಲಿ ಇಲ್ಲ, ಅದೇ ವಾಸಿ. ನಮ್ಮ ದೆಮ್ಕೊ ಇದ್ದಾನಲ್ಲ, ಎಲ್ಲರಿಗಿಂತ ಮುಂದಿನ ಕಾವಲು ಗುಂಡಿಯಲ್ಲಿ ಕೂರುವವನು, ತಲೆ ಕೊಟ್ಟು ಕೂತು, “ನೋಡಪ್ಪಾ, ಕಿವಿ ಎರಡೂ ಬೇಕು, ಒಂದರಲ್ಲಿ ರೇಡಿಯೊ ಕೇಳ್ಬೇಕು, ಇನ್ನೊಂದರಲ್ಲಿ ಹೆಂಡ್ತಿ ಬೈಗುಳ” ಎನ್ನುತ್ತಾನೆ. ಅವನ ರೇಡಿಯೊಗೆ ಚಾರ್ಜು ಸಾಲುತ್ತಿಲ್ಲ. ಜನರೇಟರು ಇರುವುದು ಹಿಂದೆ, ಅವನಿರುವುದು ಮುಂದೆ. ನಡುವೆ ಹೋಗಿಬರುವುದು ಸುಲಭವಲ್ಲ.

ಹಬ್ಬಕ್ಕೆ ಡಬ್ಬಿ ಬರುತ್ತವೆ ಎಂದು ಎಲ್ಲರಿಗೂ ಹೇಳಿದ್ದೇನೆ. ನನ್ನ ಮಾನ ನಿಮ್ಮ ಕೈಯಲ್ಲಿದೆ.

ಲುಕ್ಯಾನ್


ಮನೆಯಿಂದ, ಮೇ 6

ಡಿಯರ್ ಲುಕ್ಯಾನ್,

ಕ್ರಿಸ್ತ ಎದ್ದಿದ್ದಾನೆ! ‘ನಿಜವಾಗಿ ಎದ್ದಿದ್ದಾನೆ’ ಎಂದು ನೀನು ಅಲ್ಲಿಂದಲೇ ಅಂದುಕೋ.

ಎಂಟು ಡಬ್ಬಿಯೂ ಯುಖಿಮ್‌ನ ವ್ಯಾನು ಹತ್ತಿವೆ. ಆರಕ್ಕೆ ಕೆಂಪು ರಿಬ್ಬನ್ನು ಕಟ್ಟಿದೆ. ಅದರ ಕಥೆ ಹೇಳಬೇಕು. ಶನಿವಾರ ಪಕ್ಕದ ಮನೆಯ ಪ್ರಿಸ್ಕಾ ತನ್ನ ಬುಟ್ಟಿ ಸಿದ್ಧ ಮಾಡಿಕೊಂಡು ಬಂದಳು. ಹಬ್ಬದ ಪಾಸ್ಕಾ ರೊಟ್ಟಿ, ಬಣ್ಣದ ಮೊಟ್ಟೆ, ಹಂದಿಕೊಬ್ಬು, ಮೇಲೆ ಕಸೂತಿ ಬಟ್ಟೆ. ಮೇಜಿನ ಮೇಲಿದ್ದ ಡಬ್ಬಿಗಳನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು.

“ರೊಟ್ಟಿಗೆ ಆಶೀರ್ವಾದ, ಹಂದಿಕೊಬ್ಬಿಗೂ ಆಶೀರ್ವಾದ, ನಮ್ ಹುಡುಗ್ರ ಬ್ಯಾಟ್ರಿಗೆ ಮಾತ್ರ ಬೇಡ್ವೇನು? ನಿನಗೇನು ದೇವ್ರು ದಿಂಡ್ರು ಇಲ್ವಾ?”

“ಅದಕ್ಕೆ ನೀರು ತಾಗಬಾರ್ದು ಕಣೇ.”

“ತೀರ್ಥ ನೀರಾ? ಬಾಯಿ ತೊಳ್ಕೋ!”

ಎರಡರ ಅಂಟು ಇನ್ನೂ ಹಸಿಯಿತ್ತು, ಅವು ಮನೆಯಲ್ಲೇ ಉಳಿದವು. ಆರು ಡಬ್ಬಿ ಬುಟ್ಟಿ ಸೇರಿದವು. ಗುಡಿಯಂಗಳದಲ್ಲಿ ಬುಟ್ಟಿಗಳ ಸಾಲು. ಸೊಫ್ರೋನ್ ಪಾದ್ರಿ ನಿನಗೆ ಗೊತ್ತಲ್ಲ, ಕೈ ಬಲು ದೊಡ್ಡದು. ಕುಂಚವನ್ನು ಬಕೆಟ್ಟಿನಲ್ಲಿ ಅದ್ದಿ ಬಣ್ಣ ಬಳಿಯುವವನ ಹಾಗೆ ಬೀಸುತ್ತಾನೆ. ನಮ್ಮ ಬುಟ್ಟಿಯ ಮುಂದೆ ನಿಂತು, “ಇದೇನಪ್ಪಾ ಒಮೆಲ್ಯಾನ್, ಚರಂಡಿ ಕೊಳವೆಯ ಸಾಸೇಜಾ?” ಎಂದ. ವಿಷಯ ಹೇಳಿದೆ. ಅವನ ಮುಖ ಗಂಭೀರವಾಯಿತು. ಎರಡು ಸಲ ಅದ್ದಿ ಎರಡು ಸಲ ಬೀಸಿದ. ನನ್ನ ಕನ್ನಡಕವೂ ತೊಯ್ದಿತು. ಸಾಲಿನಲ್ಲಿದ್ದ ಮುಖ್ಯೋಪಾಧ್ಯಾಯಿನಿ ತಲೆಬಾಗಿಸಿ, “ಕ್ಷಮಿಸಿ ಒಮೆಲ್ಯಾನ್ ಸಾವಿಚ್” ಎಂದಳು. ಸುಳ್ಳೇಕೆ, ನನ್ನ ಎದೆ ಒಂದು ಗೇಣು ಉಬ್ಬಿತು.

ಮನೆಗೆ ಬಂದ ಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿದ್ದೇನೆ. ಎಲ್ಲ ಸರಿಯಿದೆ. ಈ ವರ್ಷ ಪ್ರಿಸ್ಕಾಳ ಕೋಳಿಗಳಿಗೆ ಹುಚ್ಚು ಹಿಡಿದಿತ್ತು, ಊರಲ್ಲೆಲ್ಲ ಮೊಟ್ಟೆ, ಇಡಲು ಟ್ರೇ ಇರಲಿಲ್ಲ. ಇರಲಿ ಬಿಡು, ಅದೆಲ್ಲ ಹೆಂಗಸರ ವ್ಯವಹಾರ.

ನಿನ್ನ ಮಾವ,
ಒಮೆಲ್ಯಾನ್


ಪೂರ್ವದಿಂದ, ಮೇ 20

ಮಾವ,

ಡಬ್ಬಿಗಳು ಬಂದವು. ತುಂಬ ಚೆನ್ನಾಗಿವೆ. ಎಲ್ಲರೂ ನಿಮಗೆ ಕೃತಜ್ಞತೆ ಹೇಳಿದ್ದಾರೆ. ಕೈ ಬಿಡುವಿಲ್ಲ, ಅದಕ್ಕೇ ಬೇರೆಯವರಿಂದ ಬರೆಸುತ್ತಿದ್ದೇನೆ, ಅಕ್ಷರ ನೋಡಿ ಗಾಬರಿಯಾಗಬೇಡಿ.

ಒಂದು ಮಾತು ಕೇಳಬೇಕಿತ್ತು. ಡಬ್ಬಿಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಮಲಗಿದರೆ ಬಿಸಿಯಾಗುವುದುಂಟಾ? ಸುಮ್ಮನೆ ಕೇಳಿದೆ. ಇಲ್ಲೊಬ್ಬನಿಗೆ ತಿಳಿಯಬೇಕಂತೆ.

ಲುಕ್ಯಾನ್


ಮನೆಯಿಂದ, ಮೇ 28

ಡಿಯರ್ ಲುಕ್ಯಾನ್,

ಕಳ್ಳ! ಅಕ್ಷರ ನೋಡಿದೊಡನೆ ಗೊತ್ತಾಯಿತು. ಅಷ್ಟು ದುಂಡಗೆ, ಸಾಲು ತಪ್ಪದೆ ಗಂಡಸು ಬರೆಯುವುದಿಲ್ಲ. ಯಾರವಳು? ಪ್ರಿಸ್ಕಾಗೂ ತೋರಿಸಿದೆ. “ನಮ್ ಲುಕ್ಯಾನ್‌ಗೆ ಕೈ ಬಿಡುವಿಲ್ಲವಂತೆ, ಯಾರ ಕೈ ಹಿಡಿದಿದಾನೋ!” ಎಂದು ಅಂಗಡಿಯವರೆಗೂ ನಗುತ್ತ ಹೋದಳು. ಇಡೀ ಬೀದಿಗೆ ಸುದ್ದಿ ಮುಟ್ಟಿದೆ, ಇನ್ನು ಮದುವೆಯಾಗದೆ ನಿನಗೆ ಗತಿಯಿಲ್ಲ.

ಕಂಬಳಿಯ ವಿಷಯ. ಒಳ್ಳೆಯ ಬ್ಯಾಟರಿಯಾದರೆ ಕಂಬಳಿಯಲ್ಲಿ ಬೆಚ್ಚಗಾಗಬಹುದೇ ಹೊರತು ಬಿಸಿಯಾಗದು. ಬಿಸಿಯಾಯಿತೆಂದರೆ ಒಳಗೆ ಏನೋ ದೋಷವಿದೆ, ಕೂಡಲೇ ಹೊರಗೆ ಮರಳಿನಲ್ಲಿ ಹೂಳಬೇಕು. ಯಾಕೆ ಕೇಳಿದೆ? ನಮ್ಮವು ಯಾವುದೂ ಬಿಸಿಯಾಗಿಲ್ಲ ತಾನೆ? ಆಗಿರಲಾರದು. ಆಗಿದ್ದರೆ ನೀನು ಬರೆಯುತ್ತಿದ್ದೆ. ನೀನು ಬರೆದಿಲ್ಲ, ಹಾಗಾಗಿ ಆಗಿಲ್ಲ.

ಇಲ್ಲಿ ಚೆರ್ರಿ ಕಾಯಿ ಕಟ್ಟಿದೆ. ಇನ್ನೇನು ಬರೆಯಲಿ. ಬೇಗ ಬರೆ, ನಿನ್ನ ಕೈಯಲ್ಲೇ ಬರೆ.

ಮಾವ


ಮನೆಯಿಂದ, ಜೂನ್ 4

ಲುಕ್ಯಾನ್,

ನಿನ್ನೆ ಯುಖಿಮ್ ಬಂದಿದ್ದ. ನಿನ್ನ ಮದುವೆಯ ತಮಾಷೆ ಶುರು ಮಾಡಿದೆ. ಅವನು ನಗಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

“ಹೇಳ್ಬೇಡ ಅಂತ ಆಣೆ ಹಾಕಿಸಿದಾನೆ ತಾತ. ಆದ್ರೂ ನೀವು ಹಿಂಗೆ ಆಡ್ಕೊಂಡು ನಗ್ತಾ ಇದ್ರೆ ನಂಗೆ ಕೇಳಕ್ಕಾಗಲ್ಲ. ಡಬ್ಬಿ ಹೊತ್ಕೊಂಡು ಉರೀತು. ಕೈಯಲ್ಲಿ ಹಿಡ್ಕೊಂಡು ಆಚೆಗೆ ಎಸ್ದ, ಒಳಗೆ ನಾಲ್ಕು ಜನ ಮಲಗಿದ್ರು. ಬಲಗೈ ಬೆಂದೋಗಿದೆ. ಎರಡು ಬೆರಳು ಮಡಚಲ್ಲ. ಕಾಗದ ಬರ್ದಿದ್ದು ಔಷಧಿ ಹಚ್ಚೋ ಸ್ತೆಫಾ.”

ಕತ್ತರಿ ಹಿಡಿಯುವ ಕೈ. ಅದರ ಮೇಲೆ ನಾನು ಬೀದಿಯನ್ನೆಲ್ಲ ನಗಿಸಿದೆ.

ನೀನು ಯಾಕೆ ಮುಚ್ಚಿಟ್ಟೆ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಯೋಚಿಸಿದೆ, ಕಾರಣ ಹೊಳೆಯಿತು. ನೀರು. ಹಬ್ಬದ ದಿನ ಆ ಬುಟ್ಟಿಯ ಮೇಲೆ ಅಷ್ಟು ನೀರು ಬಿತ್ತು, ಮುಚ್ಚಳದ ಸಂದಿಯಿಂದ ಒಳಗೆ ಇಳಿದಿರಬೇಕು. ಬೇಡವೆನ್ನಬೇಕಿತ್ತು, ಎನ್ನಲಿಲ್ಲ. ಅದು ನನ್ನ ತಪ್ಪು. ಕೆಂಪು ರಿಬ್ಬನ್ನಿನ ಡಬ್ಬಿ ಯಾರ ಹತ್ತಿರವಿದ್ದರೂ ಇವತ್ತೇ ತೆಗೆಸು, ಮರಳಿನಲ್ಲಿ ಹೂಳಿಸು. ಇನ್ನೊಬ್ಬನ ಕೈ ಸುಡುವ ಮೊದಲು.

ಪ್ರಿಸ್ಕಾಗೆ ಹೇಳಿದ್ದೇ ತಡ, ಮಾತು ಗುಡಿಯಂಗಳಕ್ಕೆ ಹೋಯಿತು. ಇವತ್ತು ಬೆಳಿಗ್ಗೆ ಯಾರೋ ಎದುರಿಗೇ ಕೇಳಿಬಿಟ್ಟರು, “ಫಾದರ್, ನಿಮ್ ತೀರ್ಥ ಹುಡುಗನ ಕೈ ಸುಟ್ಟಿತಂತಲ್ಲ?” ಸೊಫ್ರೋನ್ ಪಾದ್ರಿ ಕೆಂಪಗಾದ. “ನಂಗೆ ತಿಳೀಲಿಲ್ಲಮ್ಮ” ಎಂದ, ಅಷ್ಟೇ. ನಾನು ಕಂಬದ ಹಿಂದೆ ನಿಂತಿದ್ದೆ.

ಒಮೆಲ್ಯಾನ್


ಪೂರ್ವದಿಂದ, ಜೂನ್ 11

ಒಮೆಲ್ಯಾನ್ ಮಾವ,

ಈಗಲೂ ಸ್ತೆಫಾಳೇ ಬರೆಯುತ್ತಿದ್ದಾಳೆ. ಅವಳಿಗೆ ಐವತ್ತೆಂಟು, ಮೊಮ್ಮಕ್ಕಳಿದ್ದಾರೆ, ಆದರೂ ಬೀದಿಯವರ ಹಾರೈಕೆಗೆ ವಂದನೆ ಹೇಳಿ ಎನ್ನುತ್ತಾಳೆ.

ನಾನು ಹೇಳದಿದ್ದುದು ನಿಮ್ಮ ಮೇಲಿನ ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಚಳಿಗೆ ಡಬ್ಬಿಯನ್ನು ಕಂಬಳಿಯೊಳಗೆ ಮಗುವಿನ ಹಾಗೆ ಇಟ್ಟುಕೊಂಡು, ಚಾರ್ಜಿಗೆ ಹಾಕಿಕೊಂಡೇ ಮಲಗಿದ್ದೆ. ನನ್ನ ಪೆದ್ದುತನಕ್ಕೆ ನಾಲ್ಕು ಜನ ಸುಟ್ಟುಹೋಗುತ್ತಿದ್ದರು. ತಿಳಿದರೆ ನೀವು ಕೆಲಸವನ್ನೇ ನಿಲ್ಲಿಸುತ್ತೀರಿ ಎಂಬ ಭಯವೂ ಇತ್ತು.

ಈಗ ಒಳ್ಳೆಯ ಸುದ್ದಿ ಕೇಳಿ. ನೀವು ಸಂಕಟಪಡಬೇಕಾಗಿಲ್ಲ, ಪಾದ್ರಿಯೂ ಪಡಬೇಕಾಗಿಲ್ಲ. ನನ್ನನ್ನು ಸುಟ್ಟ ಡಬ್ಬಿಗೆ ರಿಬ್ಬನ್ನೇ ಇರಲಿಲ್ಲ! ಅದು ಗುಡಿಗೆ ಹೋಗದೆ ಮನೆಯಲ್ಲೇ ಉಳಿದ ಎರಡರಲ್ಲೊಂದು. ನಿಮ್ಮ ಕಾಗದ ಬಂದಾಗ ರಿಬ್ಬನ್ನಿನವನ್ನು ಕೇಳಲು ಹೋದರೆ ಹುಡುಗರು ಎದೆಗೆ ಅವುಚಿಕೊಂಡರು. ದೆಮ್ಕೊ, “ತೀರ್ಥ ಬಿದ್ದದ್ದು ಸುಡ್ಲಿಲ್ಲ, ಬೀಳದ್ದೇ ಸುಡ್ತು. ಇನ್ನೇನು ಪುರಾವೆ ಬೇಕೋ ನಿಂಗೆ? ನನ್ನ ಕೈ ಕಡಿದ್ರೂ ಕೊಡಲ್ಲ” ಎಂದು ತನ್ನದನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಗುಂಡಿಗೆ ಹೊರಟೇಹೋದ. ಸ್ತೆಫಾ ತನ್ನದನ್ನು ಗಾಯಾಳುಗಳ ಮಂಚದ ಕೆಳಗೆ ಇಟ್ಟಿದ್ದಾಳೆ, ದೀಪಕ್ಕೆ. ಯಾವುದನ್ನೂ ಹೂಳಲಿಲ್ಲ. ತಪ್ಪು ನನ್ನ ಕಂಬಳಿಯದು. ನೆಮ್ಮದಿಯಾಗಿರಿ.

ಲುಕ್ಯಾನ್


ಮನೆಯಿಂದ, ಜೂನ್ 15

ಲುಕ್ಯಾನ್,

ಈ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದು. ಫೋನು ಹತ್ತಲಿಲ್ಲ. ಯುಖಿಮ್‌ನನ್ನು ಊಟಕ್ಕೂ ಬಿಡದೆ ಹೊರಡಿಸಿದ್ದೇನೆ.

ಕಂಬಳಿಯ ತಪ್ಪಲ್ಲ, ನೀರಿನ ತಪ್ಪೂ ಅಲ್ಲ. ಹಬ್ಬದ ಹಿಂದಿನ ಗುರುವಾರ ಪ್ರಿಸ್ಕಾ ಮೊಟ್ಟೆ ಇಡಲು ಟ್ರೇ ಕೇಳಿಕೊಂಡು ಬಂದಳು. ನನ್ನ ಟ್ರೇಗಳಲ್ಲಿ ಬ್ಯಾಟರಿಗಳಿದ್ದವು. ಕೆಲವಕ್ಕೆ ಎರಡು ವಾರ ಮುಗಿದಿತ್ತು, ಕೆಲವನ್ನು ಇಟ್ಟು ಒಂದು ವಾರವೂ ಆಗಿರಲಿಲ್ಲ. ಇಲ್ಲವೆನ್ನಲು ಸಂಕೋಚವಾಯಿತು. ಹಬ್ಬದ ಹೊತ್ತಿನಲ್ಲಿ ಮೊಟ್ಟೆಯ ಟ್ರೇ ಇಲ್ಲವೆನ್ನುವವನು ಎಂಥ ನೆರೆಯವನು? ಎಲ್ಲವನ್ನೂ ಒಂದೇ ಬೋಗುಣಿಗೆ ಸುರಿದು ಟ್ರೇ ಕೊಟ್ಟೆ. ಅವಳು ಹೋದ ಮೇಲೆ ಬೋಗುಣಿ ನೋಡುತ್ತ ಕೂತೆ. ಯಾವುದು ನೋಡಿದ್ದು, ಯಾವುದು ನೋಡದ್ದು, ಒಂದೂ ಗುರುತು ಸಿಗಲಿಲ್ಲ. ಮತ್ತೆ ಮೊದಲಿನಿಂದ ಇಟ್ಟರೆ ಹಬ್ಬ ದಾಟುತ್ತಿತ್ತು. ಎಂಟು ಡಬ್ಬಿ ಎಂದು ಅಂಗಡಿಯ ಮುಂದೆ ಸಾರಿದ್ದೆನಲ್ಲ. ಜೋಡಿಸಿಬಿಟ್ಟೆ.

ಹಾಗಾಗಿ ರಿಬ್ಬನ್ನು ಇರಲಿ, ಬಿಡಲಿ, ಉಳಿದ ಏಳರಲ್ಲಿ ಯಾವುದರೊಳಗೆ ಕೆಟ್ಟದ್ದು ಕೂತಿದೆಯೋ ನನಗೂ ಗೊತ್ತಿಲ್ಲ. ಗಾಯಾಳುಗಳ ಮಂಚದ ಕೆಳಗಿನದನ್ನು ಮೊದಲು ತೆಗೆಯಿರಿ. ದೆಮ್ಕೊ, ನಿನ್ನ ಚೀಲದಲ್ಲಿರುವುದನ್ನು ಯಾವ ತೀರ್ಥವೂ ಕಾಯುತ್ತಿಲ್ಲ ಕಣಪ್ಪ. ಅದನ್ನು ಮಾಡಿದವನು ನಾನು.

ಕಳೆದ ಸಲ ನೀರು ಎಂದು ಬರೆದಾಗ ಅದು ಪೂರ್ತಿ ಸುಳ್ಳಾಗಿರಲಿಲ್ಲ, ಇರಬಹುದಾದ ಮಾತಾಗಿತ್ತು. ಇರಬಹುದಾದ ಮಾತಿನ ಹಿಂದೆ ಅವಿತುಕೊಳ್ಳುವುದು ಬಹಳ ಸುಲಭ. ಅದರ ನೆರಳಿನಲ್ಲಿ ಹನ್ನೊಂದು ದಿನ ಊಟ ಮಾಡಿದೆ, ನಿದ್ದೆಯನ್ನೂ ಮಾಡಿದೆ. ಆ ಹನ್ನೊಂದು ದಿನವೂ ನೀವು ಅವುಗಳ ಪಕ್ಕದಲ್ಲಿ ಮಲಗಿದ್ದಿರಿ.

ಬೆಳಿಗ್ಗೆ ಸೊಫ್ರೋನ್ ಪಾದ್ರಿಯ ಮನೆಗೆ ಹೋದೆ. ಕುದುರೆಮೂಲಂಗಿಯ ಮಡಿಯಲ್ಲಿ ಕಳೆ ಕೀಳುತ್ತಿದ್ದ. ಎಲ್ಲ ಹೇಳಿದೆ. ಬಹಳ ಹೊತ್ತು ಮಣ್ಣು ಕೊಡವಿಕೊಂಡ.

“ಆ ಹುಡುಗನ ಹೆಸರು ಹೇಳಿ ದಿನಾ ಕ್ಷಮೆ ಕೇಳ್ತಿದ್ದೆ ಒಮೆಲ್ಯಾನ್. ಮೊನ್ನೆ ಒಂದು ಕೂಸಿನ ಮೇಲೆ ತೀರ್ಥ ಹಾಕೋಕೂ ಕೈ ಏಳ್ಲಿಲ್ಲ ನಂಗೆ.”

“ಇನ್ನು ಕೇಳ್ಬೇಡಿ ಫಾದರ್. ತಪ್ಪು ನಿಮ್ದಲ್ಲ.”

“ಯಾಕೆ ನಿಲ್ಲಿಸ್ಲಿ? ನಿನ್ ಹೆಸ್ರು ಸೇರಿಸ್ಕೊಂಡು ಕೇಳ್ತೀನಿ. ಆದ್ರೆ ಭಾನುವಾರ ಅಂಗಳದಲ್ಲಿ ಹೇಳೋನು ನೀನೇ, ನಾನಲ್ಲ.”

ಭಾನುವಾರವೆಂದರೆ ನಾಳೆ. ಹೇಳುತ್ತೇನೆ. ಮುಖ್ಯೋಪಾಧ್ಯಾಯಿನಿಯೂ ಇರುತ್ತಾಳೆ.

ಒಮೆಲ್ಯಾನ್


ಪೂರ್ವದಿಂದ, ಜೂನ್ 22

ಒಮೆಲ್ಯಾನ್ ಮಾವ,

ಇದು ನನ್ನದೇ ಕೈ, ಎಡಗೈ. ಕೋಳಿ ಕೆದರಿದ ಹಾಗಿದೆ, ತಾಳ್ಮೆಯಿಂದ ಓದಿ.

ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿದೆ. ಅರ್ಧದಲ್ಲಿ ನಿಲ್ಲಿಸಬೇಕು ಅನ್ನಿಸಿತು, ನಿಲ್ಲಿಸಲಿಲ್ಲ. ಸ್ತೆಫಾ ಎದ್ದು ಹೋಗಿ ಮಂಚದ ಕೆಳಗಿನದನ್ನು ತಂದು ಹೊರಗೆ ಇಟ್ಟಳು. “ಆ ಮುದುಕ ಊರೆದುರಿಗೆ ಬಟ್ಟೆ ಬಿಚ್ಚಿ ನಿಂತ ಹಾಗಾಯ್ತಲ್ರೋ. ಇನ್ನೂ ಇಟ್ಕೊಂಡು ಕೂತ್ರೆ ನಾವು ಮನುಷ್ಯರಾ? ತನ್ನಿ” ಎಂದಳು. ಅವಳದೂ ಸೇರಿ ಆರೂ ಬಂದವು. ಬಿಚ್ಚಿ ನೋಡಿದೆವು. ಸ್ತೆಫಾಳದರ ಒಳಗೆ ಒಂದು ಬ್ಯಾಟರಿ ಬಸುರಿಯ ಹಾಗೆ ಊದಿತ್ತು. ಅವತ್ತು ಆ ಮಂಚದ ಮೇಲೆ ಇಬ್ಬರು ಮಲಗಿದ್ದರು.

ನನಗೆ ನಿಮ್ಮ ಮೇಲೆ ಸಿಟ್ಟು ಬಂತು ಮಾವ. ಇಲ್ಲವೆಂದರೆ ನಾನೂ ಮುಚ್ಚಿಟ್ಟ ಹಾಗಾಗುತ್ತದೆ. ಎರಡು ದಿನ ಇತ್ತು. ಆಮೇಲೆ ನೆನಪಾಯಿತು, ಕೈ ಸುಟ್ಟ ದಿನವೇ ನಾನು ಬರೆದಿದ್ದರೆ ನೀವು ಅಂದೇ ಹೇಳುತ್ತಿದ್ದಿರೋ ಏನೋ. ನನ್ನ ನಾಚಿಕೆ ನಿಮ್ಮ ನಾಚಿಕೆಗೆ ದಾರಿ ಬಿಡಲಿಲ್ಲ.

ಏಳನೆಯದು ದೆಮ್ಕೊನ ಹತ್ತಿರವಿತ್ತು. ಅಲ್ಲಿಗೆ ಈಗ ಯಾರೂ ಹೋಗುವಂತಿಲ್ಲ, ಅವನೂ ಬರುವಂತಿಲ್ಲ. ರೇಡಿಯೊದಲ್ಲಿ ಕರೆದು ಹೇಳಿದೆ, ಡಬ್ಬಿಯನ್ನು ದೂರ ಎಸಿ ಎಂದು. ಬೈದ. ಕಾಗದದಲ್ಲಿ ಅವನ ಹೆಸರಿದ್ದ ಸಾಲನ್ನು ಓದಿದೆ. ಆಮೇಲೆ, “ಎಸ್ದೆ ಕಣೋ. ತಾತನಿಗೆ ಹೇಳು, ದೂರಕ್ಕೇ ಎಸ್ದೆ ಅಂತ. ರೇಡಿಯೊದಲ್ಲಿ ಚಾರ್ಜು ಇನ್ನೊಂದೇ ಗೆರೆ ಉಳಿದಿದೆ. ಅದು ಮುಗಿದ್ರೆ ನಾನು ಸತ್ತೆ ಅಂತ ಅಳಬೇಡ, ಚಾರ್ಜಿಲ್ಲ ಅಂದ್ಕೋ” ಎಂದ.

ಅದು ಐದು ದಿನದ ಹಿಂದಿನ ಮಾತು.

ಹೊಸ ಡಬ್ಬಿ ಬೇಕು ಮಾವ. ನೀವು ಕೆಲಸ ನಿಲ್ಲಿಸಿದ್ದೀರಿ ಎಂದು ಯುಖಿಮ್ ಹೇಳಿದ, ನಿಲ್ಲಿಸಬೇಡಿ. ತೊಟ್ಟಿಗೆ ಹೋಗಿ. ಯಾರು ಏನಾದರೂ ಅನ್ನಲಿ. ಟ್ರೇಯಲ್ಲಿ ಎಷ್ಟು ದಿನ ಇಡಬೇಕೋ ಅಷ್ಟೂ ದಿನ ಇಡಿ, ಒಂದು ದಿನವೂ ಕಡಿಮೆ ಬೇಡ. ಇದನ್ನು ಬರೆದು ಮುಗಿಸುವ ಹೊತ್ತಿಗೂ ದೆಮ್ಕೊನ ಕಡೆಯಿಂದ ಸದ್ದಿಲ್ಲ. ಆದರೂ ಹೇಳುತ್ತಿದ್ದೇನೆ, ಅವಸರ ಮಾಡಬೇಡಿ.

ಲುಕ್ಯಾನ್